ಕ್ರ್ಯಾಂಕ್‌ನ ಹಿಂದಿನ ಆಯಿಲ್ ಸೀಲು ಮತ್ತು ಒತ್ತಡದ ಪಾಠ

ನನ್ನ ಬೋಧನಾಭ್ಯಾಸ ನರಗುಂದದ ಒಂದು ಪ್ರೌಢಶಾಲೆಯಲ್ಲಿತ್ತು. 8ನೇ ತರಗತಿಗೆ ‘ಬಲ ಮತ್ತು ಒತ್ತಡ’ ಪಾಠ. ಪಾಠಯೋಜನೆಯಲ್ಲಿ ಬೋಧನೋಪಕರಣವೆಂದು ಬಲೂನು, ತೂತು ಮಾಡಿದ ಬಾಟಲಿ ಬರೆದಿದ್ದೆ. ಕೊನೆಗೆ ಒಯ್ದದ್ದು ನಮ್ಮ ಮನೆಯ ಟ್ರ್ಯಾಕ್ಟರಿನಿಂದ ಬಿಚ್ಚಿದ ಹಳೆಯ ಆಯಿಲ್ ಸೀಲು. ಇಂಜಿನ್ನಿನ ಕೆಲಸ ಗೊತ್ತಿಲ್ಲದ ಸಹಪಾಠಿಗಳಿಗೂ ತಿಳಿಯುವಂತೆ ಅದರ ಕತೆಯನ್ನು ಇಲ್ಲಿ ವಿವರಿಸುತ್ತೇನೆ.

ನಮ್ಮ ಊರು ರೋಣ ತಾಲ್ಲೂಕಿನದು, ಎರೆಭೂಮಿ. ಹಿಂಗಾರಿ ಕಡಲೆ, ಜೋಳ ಬಿತ್ತಲು ನೆಲದಲ್ಲಿ ಹದ ಇರುವುದು ಕೆಲವೇ ದಿನ. ಅದಕ್ಕೆ ಸ್ವಲ್ಪ ಮೊದಲು ಟ್ರ್ಯಾಕ್ಟರಿನ ಕ್ಲಚ್ ಹೌಸಿಂಗ್ ತಳದ ತೂತಿನಿಂದ ಕರಿ ಎಣ್ಣೆ ತೊಟ್ಟಿಕ್ಕತೊಡಗಿತು. ಕ್ಲಚ್ ಜಾರಿ ಸುಟ್ಟ ವಾಸನೆ. ಸೀಲು ಬದಲಿಸಿದೆವು. ಹದಿನೈದು ದಿನಕ್ಕೆ ಮತ್ತೆ ಅದೇ ಎಣ್ಣೆ. ಸೀಲಿನ ಬೆಲೆ ಕೆಲವು ನೂರು ರೂಪಾಯಿ ಅಷ್ಟೇ. ಆದರೆ ಅದನ್ನು ಮುಟ್ಟಲು ಟ್ರ್ಯಾಕ್ಟರನ್ನೇ ಎರಡು ತುಂಡು ಮಾಡಬೇಕು. ಆ ಕೂಲಿ ಸಾವಿರಗಳ ಲೆಕ್ಕ. ಅಪ್ಪ ಎರಡು ದಿನ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ.

ಕ್ರ್ಯಾಂಕ್‌ಶಾಫ್ಟಿನ ಹಿಂದಿನ ತುದಿ ಇಂಜಿನ್ನಿನಿಂದ ಹೊರಬಂದು ಫ್ಲೈವೀಲನ್ನು ತಿರುಗಿಸುತ್ತದೆ. ಒಳಗೆ ಎಣ್ಣೆ ಇರಬೇಕು, ಹೊರಗಿನ ಕ್ಲಚ್ ಪ್ಲೇಟಿಗೆ ಒಂದು ಹನಿಯೂ ತಾಗಬಾರದು. ಇವೆರಡರ ನಡುವೆ ಇರುವುದು ಒಂದು ರಬ್ಬರ್ ಉಂಗುರ. ಅದರ ತೆಳುವಾದ ತುಟಿಯನ್ನು ಸಣ್ಣ ಸುರುಳಿ ಸ್ಪ್ರಿಂಗು ತಿರುಗುವ ಶಾಫ್ಟಿಗೆ ಒತ್ತಿ ಹಿಡಿದಿರುತ್ತದೆ. ಹಳೆಯ ಕೆಲವು ಇಂಜಿನ್‌ಗಳಲ್ಲಿ ರಬ್ಬರಿನ ಬದಲು ಹಗ್ಗದಂಥ ಸೀಲು ಇರುತ್ತಿತ್ತು.

ಎರಡನೇ ಸಲ ಗಜೇಂದ್ರಗಡದ ಒಬ್ಬ ಹಿರಿಯ ಮೆಕ್ಯಾನಿಕ್‌ರನ್ನು ಕರೆತಂದೆವು. ಅವರು ಪಾನಾ ಹಿಡಿಯಲೇ ಇಲ್ಲ. ಮೊದಲು ಇಂಜಿನ್ನಿನ ಹಿಂಭಾಗವನ್ನು ಡೀಸೆಲ್ ಹಾಕಿ ಒರೆಸಿಸಿದರು. ಮೇಲಿನ ರಾಕರ್ ಕವರಿನಿಂದ ಇಳಿದ ಎಣ್ಣೆಯೂ ಸೀಲು ಸೋರಿದಂತೆಯೇ ಕಾಣುತ್ತದಂತೆ. ಬೆರಳಿಗೆ ಹಚ್ಚಿಕೊಂಡು ನೋಡಿದರು: ಕಪ್ಪಗೆ ತೆಳ್ಳಗಿದ್ದರೆ ಇಂಜಿನ್ನಿನದು, ಮಂದವಾಗಿ ಘಾಟು ವಾಸನೆ ಬಂದರೆ ಗೇರ್‌ಬಾಕ್ಸಿನದು. ಆಮೇಲೆ ಇಂಜಿನ್ ಚಾಲೂ ಮಾಡಿಸಿ ಎಣ್ಣೆ ಹಾಕುವ ಮುಚ್ಚಳ ತೆಗೆದರು. ಬುಸ್ಸೆಂದು ಹೊಗೆ ಬಂತು. “ಸೀಲ್ ತಾನಾಗೇ ಕೆಟ್ಟಿಲ್ರಿ, ಕೆಡಿಸಿದ್ದು ಬ್ಯಾರೆ ಐತಿ” ಎಂದು ಬ್ರೀದರ್ ಕೊಳವೆ ಬಿಚ್ಚಿದರು. ಒಳಗೆ ಎಣ್ಣೆ, ಎರೆಮಣ್ಣಿನ ದೂಳು ಸೇರಿ ಗಟ್ಟಿಯಾಗಿ ಮೆತ್ತಿಕೊಂಡಿತ್ತು.

ಪಿಸ್ಟನ್ ರಿಂಗುಗಳ ಸಂದಿಯಿಂದ ಸ್ವಲ್ಪ ಅನಿಲ ಯಾವಾಗಲೂ ಕೆಳಗೆ ನುಸುಳುತ್ತದೆ. ಅದು ಹೊರಹೋಗಲು ಇರುವ ದಾರಿಯೇ ಬ್ರೀದರ್. ದಾರಿ ಮುಚ್ಚಿದರೆ ಒಳಗೆ ಒತ್ತಡ ಏರುತ್ತದೆ. ಸೀಲು ಇರುವುದು ಎಣ್ಣೆ ತಡೆಯಲು, ಒತ್ತಡ ತಡೆಯಲು ಅಲ್ಲ. ತರಗತಿಯಲ್ಲಿ ಇದನ್ನೇ ಲೆಕ್ಕ ಮಾಡಿಸಿದೆ. ಶಾಫ್ಟಿನ ವ್ಯಾಸ 10 ಸೆಂ.ಮೀ., ಸೀಲಿನ ಹೊರವ್ಯಾಸ 13 ಸೆಂ.ಮೀ. ಎಂದುಕೊಳ್ಳಿ. ಉಂಗುರದ ವಿಸ್ತೀರ್ಣ ಸುಮಾರು 54 ಚದರ ಸೆಂ.ಮೀ. ಒಳಗಿನ ಒತ್ತಡ ಹೊರಗಿನದಕ್ಕಿಂತ 10,000 ಪಾಸ್ಕಲ್, ಅಂದರೆ ವಾಯುಮಂಡಲದ ಒತ್ತಡದ ಹತ್ತನೇ ಒಂದರಷ್ಟು ಹೆಚ್ಚಾದರೆ, ಸೀಲಿನ ಮೇಲೆ 54 ನ್ಯೂಟನ್ ಬಲ, ಐದೂವರೆ ಕೆ.ಜಿ. ತೂಕ ಹೇರಿದಂತೆ. ಈ ಸೂತ್ರವನ್ನು ಬಿ.ಎಸ್ಸಿ. ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನು ನಾನು. ಮೊದಲ ಸಲ ಪಕ್ಕದಲ್ಲೇ ನಿಂತಿದ್ದರೂ ಹೊಳೆಯಲಿಲ್ಲ.

ಇನ್ನು ಕೆಲಸ. ಮುಂದಿನ ಅಚ್ಚು ಓಲಾಡದಂತೆ ಎರಡೂ ಕಡೆ ಕಟ್ಟಿಗೆಯ ಬೆಣೆ ಬಡಿದು, ಇಂಜಿನ್ನಿಗೂ ಹಿಂಭಾಗಕ್ಕೂ ಬೇರೆ ಬೇರೆ ಆಧಾರ ಕೊಟ್ಟರು. ಬರೀ ಜಾಕ್ ನಂಬಿ ಯಾರೂ ಕೆಳಗೆ ಹೋಗಬಾರದು. ಬ್ಯಾಟರಿ ತಂತಿ, ಡೀಸೆಲ್ ಪೈಪು ಬಿಚ್ಚಿ, ಬೋಲ್ಟು ತೆಗೆದು, ಹಿಂಭಾಗವನ್ನು ನಿಧಾನ ಹಿಂದಕ್ಕೆ ಸರಿಸಿದರು. ಕ್ಲಚ್ ತೆಗೆದು, ಫ್ಲೈವೀಲಿಗೆ ಗುರುತು ಹಾಕಿ, ಇಬ್ಬರು ಹಿಡಿದು ಇಳಿಸಿದೆವು. ಹಳೆಯ ಸೀಲು ಕೀಳುವಾಗ ಶಾಫ್ಟಿಗೆ ಒಂದು ಗೀರೂ ಬೀಳಬಾರದು. ಬಿದ್ದರೆ ಹೊಸ ಸೀಲೂ ಅಲ್ಲೇ ಸೋರುತ್ತದೆ. ಶಾಫ್ಟಿನ ಮೇಲೆ ಉಗುರು ಎಳೆದು ನೋಡಿದರು. ಉಗುರು ಸಿಕ್ಕಿಕೊಳ್ಳುವಷ್ಟು ತೋಡು ಇದ್ದರೆ ತೆಳುವಾದ ಸ್ಲೀವ್ ಹಾಕಬೇಕಾಗುತ್ತದೆ. ನಮ್ಮದು ನುಣುಪಾಗಿತ್ತು. ಹೊಸ ಸೀಲಿನ ತುಟಿಗೆ ಎಣ್ಣೆ ಸವರಿ, ಸ್ಪ್ರಿಂಗಿನ ಬದಿ ಇಂಜಿನ್ ಕಡೆಗಿಟ್ಟು, ಚಪ್ಪಟೆ ಕಟ್ಟಿಗೆಯಿಂದ ಸುತ್ತಲೂ ಸಮನಾಗಿ ತಟ್ಟಿ ಕೂಡಿಸಿದರು. ಎಣ್ಣೆ ಕುಡಿದ ಕ್ಲಚ್ ಪ್ಲೇಟನ್ನು ಉಳಿಸಿಕೊಳ್ಳಲು ಆಗಲಿಲ್ಲ. ಫ್ಲೈವೀಲಿನ ಬೋಲ್ಟುಗಳನ್ನು ಎದುರುಬದುರಾಗಿ, ಹೇಳಿದ ಅಳತೆಗೆ ಬಿಗಿದರು. ತೊಳೆದ ಬ್ರೀದರ್ ಜೋಡಿಸಿದ ಮೇಲೆ ಮುಚ್ಚಳ ತೆಗೆದರೆ ಬರೀ ತೆಳು ಆವಿ. ಆಗಲೂ ಹೊಗೆ ನುಗ್ಗಿದ್ದರೆ ರಿಂಗು ಸವೆದಿವೆ ಎಂದರ್ಥ, ಅದು ಬೇರೆಯೇ ದೊಡ್ಡ ಖರ್ಚು.

ಮೂರನೇ ದಿನ ಬಿತ್ತನೆಗೆ ಹೋದೆವು. ಹದ ಸ್ವಲ್ಪ ಆರಿತ್ತು. ಒಂದು ಹೊಲ ಬಿಟ್ಟು ಉಳಿದದ್ದು ಬಿತ್ತಿದೆವು.

ಪಾಠ ಅವಧಿ ಮೀರಿತೆಂದು ನನ್ನ ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕರು ಬರೆದಿದ್ದಾರೆ, ಅದು ನಿಜ. ಸೀಲು ಕೈಯಿಂದ ಕೈಗೆ ಹೋಗಿ ಕೊನೆಯ ಬೆಂಚಿನಲ್ಲಿ ನಿಂತುಬಿಟ್ಟಿತ್ತು. ಮರುದಿನ ಒಬ್ಬ ಹುಡುಗ ಕೈಯೆಲ್ಲ ಮಸಿ ಮಾಡಿಕೊಂಡು ಬಂದ. “ಸರ, ನಮ್ಮ ಟ್ರ್ಯಾಕ್ಟರಿನ ಬ್ರೀದರೂ ಕಟ್ಟಿತ್ರಿ” ಎಂದ.