ಬಂಡೆಯ ಬಿರುಕು ಓದುವ ವಿದ್ಯೆ

ಮಸ್ಕಿ ಎಂದೊಡನೆ ನೆನಪಾಗುವುದು ಅಶೋಕನ ಶಾಸನ. 1915ರಲ್ಲಿ ಅದನ್ನು ಬೆಳಕಿಗೆ ತಂದ ಸಿ. ಬೀಡನ್ ಇತಿಹಾಸಕಾರರಲ್ಲ, ನಿಜಾಮರ ಸಂಸ್ಥಾನದಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಗಣಿ ಎಂಜಿನಿಯರ್. ಅವರನ್ನು ಇಲ್ಲಿಗೆ ಕರೆತಂದದ್ದು ಹಟ್ಟಿ–ಮಸ್ಕಿ ಶಿಲಾಪಟ್ಟಿ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇದೇ ಪಟ್ಟಿಯೊಳಗಿನ ಚಿನ್ನವನ್ನು ಜನ ಎರಡು ಸಾವಿರ ವರ್ಷಗಳ ಹಿಂದೆಯೇ ಅಗೆದಿದ್ದರು.

ಹಟ್ಟಿಯ ಪ್ರಾಚೀನ ಗಣಿಗಳು ಸುಮಾರು 640 ಅಡಿ ಆಳದವರೆಗೆ ಇಳಿದಿದ್ದವು. ಅವುಗಳಲ್ಲಿ ದೊರೆತ ಮರದ ತುಂಡುಗಳ ಇಂಗಾಲ ಪರೀಕ್ಷೆಯಿಂದಲೇ ಈ ಕಾಲ ಗೊತ್ತಾದದ್ದು. ಸಿಡಿಮದ್ದು ಇಲ್ಲದ ಕಾಲದಲ್ಲಿ ಬಂಡೆಗೆ ಕಟ್ಟಿಗೆ ಒಟ್ಟಿ ಬೆಂಕಿ ಹಚ್ಚುತ್ತಿದ್ದರು. ಕಾದ ಕಲ್ಲಿಗೆ ನೀರು ಸುರಿದರೆ ಅದು ಚಕ್ಕೆ ಚಕ್ಕೆಯಾಗಿ ಬಿರಿಯುತ್ತಿತ್ತು. ಹೀಗೆ ಕೊರೆದ ಗುಂಡಿ ಸಾಮಾನ್ಯವಾಗಿ ಕಮಾನಿನಂತೆ ದುಂಡಗಿರುತ್ತದೆ; ಮೇಲಿನ ಭಾರ ಒಂದೇ ಮೂಲೆಗೆ ಬೀಳದೆ ಸುತ್ತಲೂ ಹಂಚಿಹೋಗುತ್ತದೆ.

ಗಟ್ಟಿ ಕಲ್ಲೂ ಕುಸಿಯುವುದೇಕೆ?

ಹಟ್ಟಿಯ ಚಿನ್ನ ಇರುವುದು ಆಂಫಿಬೊಲೈಟ್ ಎಂಬ ಕಪ್ಪು ಹಸಿರು ಬಣ್ಣದ ಗಟ್ಟಿ ಶಿಲೆಯ ನಡುವೆ ಹಾಯ್ದ ಬೆಣಚುಕಲ್ಲಿನ ಪಟ್ಟಿಗಳಲ್ಲಿ. ಇಷ್ಟು ಗಟ್ಟಿಯಾದ ಕಲ್ಲನ್ನು ಕೊರೆದ ಸುರಂಗ ತಾನಾಗಿ ನಿಲ್ಲಬೇಕಲ್ಲವೇ? ನಿಲ್ಲುವುದೂ ಉಂಟು, ನಿಲ್ಲದಿರುವುದೂ ಉಂಟು. ಸುರಂಗದ ಭದ್ರತೆಯನ್ನು ನಿರ್ಧರಿಸುವುದು ಕಲ್ಲಿನ ಗಟ್ಟಿತನ ಮಾತ್ರವಲ್ಲ, ಅದರೊಳಗಿನ ಬಿರುಕುಗಳು. ಗಾರೆಯಿಲ್ಲದೆ ಕಲ್ಲು ಜೋಡಿಸಿದ ಗೋಡೆಯಲ್ಲಿ ಕಲ್ಲು ಎಷ್ಟೇ ಗಟ್ಟಿಯಿದ್ದರೂ ಒಂದನ್ನು ಕಿತ್ತರೆ ಪಕ್ಕದ್ದು ಸಡಿಲಾಗುವಂತೆ, ಮೂರು ದಿಕ್ಕಿನ ಬಿರುಕುಗಳು ಕೂಡಿದ ಕಡೆ ಬಂಡೆಯ ಹೋಳೊಂದು ಕೆಳಕ್ಕೆ ಜಾರಲು ಕಾದಿರುತ್ತದೆ.

ಬಿರುಕಿನ ದಿಕ್ಕೂ ಮುಖ್ಯ. ಶಿಲೆಯ ಪದರುಗಳಿಗೆ ಅಡ್ಡವಾಗಿ ಕೊರೆದ ಸುರಂಗ ಹೆಚ್ಚು ಭದ್ರ. ಪದರಿನ ಗುಂಟ ಸಾಗಿದ್ದಕ್ಕೆ ಅಪಾಯ ಹೆಚ್ಚು. ರಸ್ತೆ ಅಥವಾ ರೈಲು ಮಾರ್ಗವಾದರೆ ಹಾದಿ ಬದಲಿಸಬಹುದು. ಗಣಿಗೆ ಆ ಅನುಕೂಲವಿಲ್ಲ. ಹಟ್ಟಿಯಲ್ಲಿ ಚಿನ್ನದ ಪಟ್ಟಿಗಳು ಪದರುಗಳ ದಿಕ್ಕಿನಲ್ಲೇ ಹರಿದಿವೆ. ಚಿನ್ನ ಹೋದತ್ತ ಸುರಂಗವೂ ಹೋಗಲೇಬೇಕು.

ಇನ್ನೊಂದು ಅಂಶ ನೀರು. ಸಿಂಧನೂರಿನ ಭತ್ತದ ಗದ್ದೆಗಳಿಗೆ ನೀರು ತರುವ ತುಂಗಭದ್ರಾ ಎಡದಂಡೆ ಕಾಲುವೆಯ ಹಾದಿಯಲ್ಲೂ ಬಂಡೆ ಕೊರೆದ ಸುರಂಗವಿದೆ. ಗಣಿಯಲ್ಲಿ ನೀರು ಬಿರುಕಿನಿಂದ ಒಳಕ್ಕೆ ಜಿನುಗಿದರೆ, ಕಾಲುವೆ ಸುರಂಗದಲ್ಲಿ ಹರಿಯುವ ನೀರೇ ಬಿರುಕಿಗೆ ನುಗ್ಗಬಹುದು. ಕಾಲುವೆಯನ್ನು ಬೇಗನೆ ಖಾಲಿ ಮಾಡಿದಾಗ ಬಿರುಕಿನಲ್ಲಿ ಉಳಿದ ನೀರು ಗೋಡೆಯನ್ನು ಒಳಮುಖವಾಗಿ ತಳ್ಳುತ್ತದೆ. ಕಾಲುವೆಗೆ ನೀರು ನಿಲ್ಲಿಸಿದ ತಿಂಗಳುಗಳಲ್ಲಿ ಇಂತಹ ಸುರಂಗಗಳ ತಪಾಸಣೆ ಅಗತ್ಯವಾಗುವುದು ಇದರಿಂದಲೇ.

ಬಂಡೆಗೂ ಅಂಕಪಟ್ಟಿ

ಅನುಭವಿಗಳ ಅಂದಾಜನ್ನು ಅಂಕಿಗಳಿಗೆ ಇಳಿಸುವ ಪ್ರಯತ್ನ ಆರಂಭವಾದದ್ದು 20ನೇ ಶತಮಾನದಲ್ಲಿ. 1960ರ ದಶಕದಲ್ಲಿ ಅಮೆರಿಕದ ಡಾನ್ ಡೀರ್ ಸರಳ ಅಳತೆಯೊಂದನ್ನು ಸೂಚಿಸಿದರು. ಬಂಡೆಯಿಂದ ಕೋಲಿನಂತೆ ಕೊರೆದು ತೆಗೆದ ಕಲ್ಲಿನಲ್ಲಿ 10 ಸೆಂ.ಮೀ.ಗಿಂತ ಉದ್ದದ ತುಂಡುಗಳನ್ನಷ್ಟೇ ಕೂಡಿಸಬೇಕು. ಒಂದು ಮೀಟರಿಗೆ ಅವು 90 ಸೆಂ.ಮೀ. ದಾಟಿದರೆ ಬಂಡೆ ಅತ್ಯುತ್ತಮ. 25ಕ್ಕೂ ಕಡಿಮೆಯಾದರೆ ತೀರ ಕಳಪೆ.

1973ರಲ್ಲಿ ದಕ್ಷಿಣ ಆಫ್ರಿಕದಲ್ಲಿದ್ದ ಬೀನಿಯಾವ್‌ಸ್ಕಿ ಇದಕ್ಕೆ ಕಲ್ಲಿನ ಬಲ, ಬಿರುಕುಗಳ ನಡುವಿನ ಅಂತರ, ಅವುಗಳ ಸ್ಥಿತಿ ಮತ್ತು ಅಂತರ್ಜಲವನ್ನು ಸೇರಿಸಿ, ಬಿರುಕಿನ ದಿಕ್ಕು ಪ್ರತಿಕೂಲವಾಗಿದ್ದರೆ ಅಂಕ ಕಳೆದು, 100ಕ್ಕೆ ಲೆಕ್ಕ ಹಾಕುವ ಕ್ರಮ ರೂಪಿಸಿದರು. 80 ದಾಟಿದ ಬಂಡೆಗೆ ಆಸರೆ ಅಷ್ಟಾಗಿ ಬೇಡ. 20ರ ಆಸುಪಾಸಿನದಕ್ಕೆ ಉಕ್ಕಿನ ಕಮಾನು, ರಾಕ್ ಬೋಲ್ಟ್, ಸಿಮೆಂಟ್ ಲೇಪ ಎಲ್ಲವೂ ಬೇಕು. ಮರುವರ್ಷವೇ ನಾರ್ವೆಯ ಬಾರ್ಟನ್ ಮತ್ತು ಸಂಗಡಿಗರು ಇನ್ನೊಂದು ಕ್ರಮ ನೀಡಿದರು. ಇವೆರಡೂ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿವೆ.

ಕೋಲಾರದ ಪಾಠ

ಆದರೆ ಅಂಕ ಚೆನ್ನಾಗಿದ್ದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ. ಒಂದು ಕಿ.ಮೀ. ಆಳದಲ್ಲಿ ಬಂಡೆಯ ಪ್ರತಿ ಚದರ ಸೆಂ.ಮೀ. ಮೇಲೆ ಸುಮಾರು 270 ಕೆ.ಜಿ. ಭಾರ ಬೀಳುತ್ತದೆ. ಮೂರು ಕಿ.ಮೀ.ಗೂ ಆಳಕ್ಕೆ ಇಳಿದಿದ್ದ ಕೋಲಾರದ ಚಿನ್ನದ ಗಣಿಯಲ್ಲಿ ಗಟ್ಟಿ ಬಂಡೆಯೇ ಒತ್ತಡ ತಾಳದೆ ಸ್ಫೋಟಿಸುತ್ತಿತ್ತು. ಮೆತ್ತನೆಯ ಕಲ್ಲು ಬಾಗಿ ಒತ್ತಡವನ್ನು ಬಿಟ್ಟುಕೊಡುತ್ತದೆ. ಗಟ್ಟಿ ಕಲ್ಲು ಕೊನೆಯವರೆಗೂ ಹಿಡಿದಿಟ್ಟು ಒಮ್ಮೆಲೇ ಸಿಡಿಯುತ್ತದೆ. ಶಿಲಾಸ್ಫೋಟಗಳಿಗೆ ಬಲಿಯಾದ ಕಾರ್ಮಿಕರು ಅನೇಕರು. ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ 1988ರಲ್ಲಿ ಕೋಲಾರ ಗಣಿ ಪ್ರದೇಶದಲ್ಲೇ ಸ್ಥಾಪನೆಯಾದದ್ದು ಸಹಜವೇ ಆಗಿತ್ತು. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಹಟ್ಟಿಯಲ್ಲಿ ಕೆಲಸ ಮುಂದುವರಿದಿದೆ, ಆಳವೂ ಹೆಚ್ಚುತ್ತಿದೆ. ಆದ್ದರಿಂದ ಕೋಲಾರದ ಪಾಠವನ್ನು ಹಟ್ಟಿ ಮರೆಯುವಂತಿಲ್ಲ.

ಬಂಡೆಗೆ ಒಮ್ಮೆ ಕೊಟ್ಟ ಅಂಕ ಕಾಯಂ ಅಲ್ಲ. ಪ್ರತಿ ಸಿಡಿತದ ನಂತರವೂ ಹೊಸ ಬಿರುಕು ಮೂಡಬಹುದು, ಹಳೆಯದು ಬಾಯ್ದೆರೆಯಬಹುದು. ಸಂತೆಯಲ್ಲಿ ಗಡಿಗೆ ಕೊಳ್ಳುವವರು ಬೆರಳಿನಿಂದ ತಟ್ಟಿ ನೋಡುವಂತೆ, ಗಣಿ ಕಾರ್ಮಿಕರು ಸುರಂಗದ ಸೂರನ್ನು ಹಾರೆಯಿಂದ ತಟ್ಟಿ ಕೇಳುತ್ತಾರೆ. ಖಣ್ ಎಂದರೆ ಬಂಡೆ ಭದ್ರ. ಬೊದ್ದು ಸದ್ದು ಬಂದರೆ ಒಳಗೆ ಬಿರುಕಿದೆ, ಆ ಹೋಳನ್ನು ಮೊದಲು ಕೆಡವಬೇಕು. ಉಪಕರಣಗಳು ಎಷ್ಟೇ ಬಂದರೂ ಈ ಪರೀಕ್ಷೆಯನ್ನು ಗಣಿಗಳು ಕೈಬಿಟ್ಟಿಲ್ಲ. ಮುಂದಿನ ಪಾಳಿಯವರ ಜೀವ ಅವಲಂಬಿಸಿರುವುದು ಸೂರಿನ ನಿನ್ನೆಯ ಅಂಕದ ಮೇಲಲ್ಲ, ಅದರ ಇಂದಿನ ಸ್ಥಿತಿಯ ಮೇಲೆ.