ಕಾರ್ಬಿ ಭಾಷೆಯ ಎಣಿಕೆಯಲ್ಲಿ ವರ್ಗಸೂಚಕಗಳು

ಕನ್ನಡಿಗರು ‘ಇಬ್ಬರು ಮಕ್ಕಳು’ ಎನ್ನುತ್ತಾರೆ, ‘ಎರಡು ಎಮ್ಮೆ’ ಎನ್ನುತ್ತಾರೆ. ಎಣಿಸುವುದು ಮನುಷ್ಯರನ್ನೋ ಇತರ ವಸ್ತುಗಳನ್ನೋ ಎಂಬುದಕ್ಕೆ ತಕ್ಕಂತೆ ಇಲ್ಲಿ ಸಂಖ್ಯಾಪದದ ರೂಪವೇ ಬದಲಾಗುತ್ತದೆ. ಅಸ್ಸಾಮಿನ ಕಾರ್ಬಿ ಆಂಗ್ಲಾಂಗ್ ಬೆಟ್ಟಸೀಮೆಯ ಕಾರ್ಬಿ ಭಾಷೆ ಈ ವಿಂಗಡಣೆಯನ್ನು ಇನ್ನಷ್ಟು ಸೂಕ್ಷ್ಮಗೊಳಿಸಿದೆ. ಟಿಬೆಟೊ-ಬರ್ಮನ್ ಕುಟುಂಬಕ್ಕೆ ಸೇರಿದ ಈ ಭಾಷೆಯಲ್ಲಿ ಎಣಿಕೆಗೆ ಒಳಗಾಗುವ ವಸ್ತುವಿನ ಬಗೆಯನ್ನು ತಿಳಿಸುವ ಒಂದು ಕಿರುಪದ ಸಂಖ್ಯೆಯ ಹಿಂದೆ ಬಂದು ಸೇರುತ್ತದೆ. ಅದನ್ನು ವರ್ಗಸೂಚಕವೆಂದು ಕರೆಯಬಹುದು.

ಎಡ್ವರ್ಡ್ ಸ್ಟ್ಯಾಕ್ ಸಂಗ್ರಹಿಸಿದ ಸಾಮಗ್ರಿಯನ್ನು ಚಾರ್ಲ್ಸ್ ಲಯಲ್ 1908ರಲ್ಲಿ ‘ದಿ ಮಿಕಿರ್ಸ್’ ಎಂಬ ಗ್ರಂಥವಾಗಿ ಹೊರತಂದರು. (ಮಿಕಿರ್ ಎಂಬುದು ಹೊರಗಿನವರು ಇಟ್ಟ ಹೆಸರು, ಜಿಲ್ಲೆಯ ಹೆಸರಿನಿಂದಲೂ ಅದು 1976ರಲ್ಲಿ ಮರೆಯಾಯಿತು.) ಅದರ ವ್ಯಾಕರಣ ಭಾಗದಲ್ಲಿ ಈ ಪದಗಳ ಪಟ್ಟಿಯಿದೆ. ಮನುಷ್ಯರಿಗೆ ‘ಬಾಂಗ್’, ಪ್ರಾಣಿಗಳಿಗೆ ‘ಜೊನ್’, ಮರಗಳಿಗೂ ನೆಟ್ಟಗೆ ನಿಲ್ಲುವ ವಸ್ತುಗಳಿಗೂ ‘ರೊಂಗ್’, ಮನೆಗಳಿಗೆ ‘ಹುಮ್’, ದೇಹದ ಅಂಗಗಳಿಗೂ ಆಭರಣಗಳಿಗೂ ‘ಹೊಂಗ್’. ನಾಲ್ಕು ಎಮ್ಮೆಗಳೆನ್ನಲು ‘ಚೆಲೊಂಗ್ ಜೊನ್‌ಫಿಲಿ’. ಇಲ್ಲಿ ಫಿಲಿ ಎಂದರೆ ನಾಲ್ಕು. ಆಕಾರವನ್ನು ಹಿಡಿದು ನಡೆಯುವ ಎರಡು ಸೂಚಕಗಳು ವಿಶೇಷ ಗಮನಕ್ಕೆ ಅರ್ಹವಾಗಿವೆ. ಎಲೆ, ಕನ್ನಡಿ, ಚಾಕುಗಳು ಚಪ್ಪಟೆಯಾದವು, ಆದುದರಿಂದ ‘ಪಾಕ್’. ಮೊಟ್ಟೆ, ಸೋರೆಬುರುಡೆಗಳು ಉರುಟು, ಆದುದರಿಂದ ‘ಪುಮ್’. ಎರಡು ಮೊಟ್ಟೆಗಳು ‘ವೊತಿ ಪುಮ್‌ನಿ’. ಬಿಡಿಯಾಗಿ ಎರಡಕ್ಕೆ ‘ಹಿನಿ’ ಎಂಬ ಪದವಿದ್ದರೂ ಸೂಚಕದೊಡನೆ ಕೂಡಿದಾಗ ಅದು ‘ನಿ’ ಆಗಿ ಕುಗ್ಗುತ್ತದೆ. ಮೂರು ಎಂಬರ್ಥದ ‘ಕೆಥೊಮ್’ ಕೂಡ ಹೀಗೆಯೇ ‘ಥೊಮ್’ ಆಗುವುದುಂಟು.

ಅಳತೆಪದಗಳು ಇವುಗಳೊಡನೆ ಬೆರೆಯಬಾರದು. ಅಕ್ಕಿಯಲ್ಲಿ, ಮದ್ಯದಲ್ಲಿ ಎಣಿಸಲು ಬಿಡಿಗಳೇ ಇಲ್ಲ. ಹಿಡಿ, ಸೇರು, ಬುರುಡೆ ಎಂಬ ಅಳತೆಯೇ ಅಲ್ಲಿ ಬಿಡಿಯನ್ನು ಉಂಟುಮಾಡುತ್ತದೆ. ಮೊಟ್ಟೆಯಾದರೋ ಮೊದಲೇ ಬಿಡಿಯಾಗಿದೆ. ‘ಪುಮ್’ ಅದರ ಪ್ರಮಾಣವನ್ನು ಹೇಳದೆ ಬಗೆಯನ್ನಷ್ಟೇ ಹೇಳುತ್ತದೆ.

ಸಂಖ್ಯಾಪದಗಳು ಭಾಷೆಯ ತಿರುಳು, ಅವು ಸುಲಭವಾಗಿ ಎರವಲಾಗವು ಎಂಬ ನಂಬಿಕೆಯೊಂದುಂಟು. ಕಾರ್ಬಿಯ ‘ಒಂದು’ ಇದನ್ನು ಅಲುಗಿಸುತ್ತದೆ. ಬಿಡಿಯಾಗಿ ಎಣಿಸುವಾಗ ದೇಶ್ಯವಾದ ‘ಇಸಿ’ಯೇ ಬಳಕೆಯಲ್ಲಿದೆ, ‘ಥೆರೊಕ್‌ಸಿ’ (ಆರು ಮತ್ತು ಒಂದು, ಅಂದರೆ ಏಳು) ಎಂಬಲ್ಲಿಯೂ ಅದರ ತುಣುಕನ್ನು ಕಾಣಬಹುದು. ಆದರೆ ವರ್ಗಸೂಚಕದೊಡನೆ ಬರುವುದು ಅಸ್ಸಾಮಿಯಿಂದ ಬಂದ ‘ಎ’: ‘ಎಪಾಕ್’, ‘ಎಜೊನ್’. ಒಬ್ಬ ಮನುಷ್ಯನೆನ್ನಬೇಕಾದಾಗ ಮಾತ್ರ ‘ಇನುತ್’ ಎಂಬ ಬೇರೆಯೇ ಪದ ಉಳಿದುಬಂದಿದೆ. ಎರವಲು ವಸ್ತುಗಳ ಎಣಿಕೆಯನ್ನು ಹೊಕ್ಕಿತು, ಮನುಷ್ಯರ ಎಣಿಕೆಯ ಹೊಸ್ತಿಲಲ್ಲಿ ನಿಂತಿತು.

‘ಜೊನ್’ ಎಂಬುದರ ಕಥೆ ಇನ್ನೂ ಕುತೂಹಲಕರ. ಅಸ್ಸಾಮಿಯಲ್ಲಿ ಇದೇ ಪದ ಮನುಷ್ಯರನ್ನು ಎಣಿಸುವುದಕ್ಕೆ ಬಳಕೆಯಾಗುತ್ತದೆ. ಮೂಲ ಸಂಸ್ಕೃತದ ‘ಜನ’. ‘ಹತ್ತು ಜನ’ ಎನ್ನುವ ಕನ್ನಡವೂ ಅದೇ ಪದವನ್ನು ಮನುಷ್ಯರಿಗೇ ಮೀಸಲಿಟ್ಟಿದೆ. ಕಾರ್ಬಿಯಲ್ಲಿ ಅದು ದನ, ಎಮ್ಮೆಗಳ ಪಾಲಾಯಿತು. ಮನುಷ್ಯರ ಸ್ಥಾನದಲ್ಲಿ ‘ಬಾಂಗ್’ ಮೊದಲೇ ನೆಲೆಯೂರಿದ್ದುದರಿಂದ ಹೊರಗಿನಿಂದ ಬಂದ ಪದಕ್ಕೆ ಪ್ರಾಣಿಗಳ ಸ್ಥಾನವಷ್ಟೇ ದೊರೆಯಿತೆಂದು ಊಹಿಸಬಹುದು.