ದನದ ದವಾಖಾನೆ, ಮನೆಯ ನಾಯಿ ಮತ್ತು ನಮ್ಮ ದಾನ

ಹಾನಗಲ್, ಹಿರೇಕೆರೂರು ಕಡೆ ಹೋರಿ ಹಬ್ಬಕ್ಕೆಂದು ಹೋರಿ ಸಾಕುವವರ ಮನೆಗೆ ಹೋಗಿ ನೋಡಬೇಕು. ಹುರುಳಿ, ಹಿಂಡಿ, ದಿನಾ ಮೈ ತಿಕ್ಕುವುದು. ಒಂದು ಹೊತ್ತು ಮೇವು ಬಿಟ್ಟರೆ ಸಾಕು, ಡಾಕ್ಟರಿಗೆ ಫೋನು ಹೋಗುತ್ತದೆ. ಅದೇ ಮನೆಯ ಕಟ್ಟೆಯ ಮೇಲೆ ಮಲಗುವ ನಾಯಿಗೆ ಎಷ್ಟೋ ಸಲ ಹುಟ್ಟಿದಾಗಿನಿಂದ ಒಂದು ಲಸಿಕೆಯೂ ಬಿದ್ದಿರುವುದಿಲ್ಲ. ಆ ಮನೆಯವರಿಗೆ ನಾಯಿಯ ಮೇಲೆ ಪ್ರೀತಿ ಇಲ್ಲವೆಂದು ನಾನು ಹೇಳಲಾರೆ. ಕೆಲವು ತಪ್ಪು ತಿಳಿವಳಿಕೆಗಳು ನಮ್ಮಲ್ಲಿ ಗಟ್ಟಿಯಾಗಿ ಕೂತಿವೆ. ದಾನದಿಂದ ನಡೆಯುವ ಪ್ರಾಣಿ ಆಸ್ಪತ್ರೆಗಳ ವಿಷಯದಲ್ಲಿ ಅವು ಇನ್ನೂ ಹೆಚ್ಚು.

ತಪ್ಪು ಕಲ್ಪನೆ: ದನದ ದವಾಖಾನೆ ದನಕ್ಕೆ ಮಾತ್ರ.

ಸತ್ಯ: ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಲ್ಲೇ ಇರಲಿ, ಸರ್ಕಾರಿ ಪಶು ಆಸ್ಪತ್ರೆಗೆ ನಾಯಿ, ಬೆಕ್ಕುಗಳನ್ನೂ ಒಯ್ಯಬಹುದು. ಪಶುವೈದ್ಯರು ಐದೂವರೆ ವರ್ಷ ಓದುವಾಗ ಎಮ್ಮೆಯ ಜೊತೆ ನಾಯಿಯ ರೋಗವನ್ನೂ ಓದಿರುತ್ತಾರೆ. 1962ಕ್ಕೆ ಕರೆ ಮಾಡಿದರೆ ಬರುವ ಸಂಚಾರಿ ಚಿಕಿತ್ಸಾ ವಾಹನ ಮುಖ್ಯವಾಗಿ ಜಾನುವಾರುಗಳಿಗಾಗಿ ಇರುವುದು. ನಾಯಿ, ಬೆಕ್ಕನ್ನು ನಾವೇ ಹೊತ್ತೊಯ್ಯುವುದು ಲೇಸು. ಲಸಿಕೆ, ಜಂತಿನ ಔಷಧ, ಗಾಯದ ಶುಶ್ರೂಷೆ ತಾಲ್ಲೂಕಿನಲ್ಲೇ ಆಗುತ್ತವೆ. ಕಾಲಿನ ಮೂಳೆ ಮುರಿದಂಥ ದೊಡ್ಡ ಕೇಸಾದರೆ ಹಿರೇಕೆರೂರಿನವರು ಶಿವಮೊಗ್ಗದ, ಸವಣೂರಿನವರು ಗದಗಿನ ಪಶುವೈದ್ಯಕೀಯ ಕಾಲೇಜಿನ ಕಡೆ ನೋಡಬೇಕಾಗುತ್ತದೆ. ಗಾಡಿ ಬಾಡಿಗೆ, ಒಂದು ದಿನದ ಕೂಲಿ, ಔಷಧದ ಖರ್ಚು ಸೇರಿದಾಗ ಬಡವರು ಕೈಚೆಲ್ಲುತ್ತಾರೆ. ಧರ್ಮಾರ್ಥ ಆಸ್ಪತ್ರೆಯ ಅಗತ್ಯ ಇರುವುದು ಅಲ್ಲಿ.

ತಪ್ಪು ಕಲ್ಪನೆ: ಇಂಥ ಧರ್ಮಾರ್ಥ ಆಸ್ಪತ್ರೆಗಳೆಲ್ಲ ಈಚೆಗೆ ಶ್ರೀಮಂತರು ಹಚ್ಚಿಕೊಂಡ ಶೋಕಿ.

ಸತ್ಯ: ಮುಂಬೈನ ಪರೇಲ್‌ನಲ್ಲಿರುವ ಬಾಯಿ ಸಕರಬಾಯಿ ದಿನ್ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ ಸ್ಥಾಪನೆಯಾದದ್ದು 1883ರಲ್ಲಿ, ಪಾರ್ಸಿ ಉದ್ಯಮಿಯೊಬ್ಬರ ದಾನದಿಂದ. ಆಗ ಸವಣೂರು ನವಾಬರ ಸಂಸ್ಥಾನ. ಹಾನಗಲ್ ಸೀಮೆ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. ಲಂಡನ್ನಿನಲ್ಲಿ 1917ರಲ್ಲಿ ಮರಿಯಾ ಡಿಕಿನ್ ಎಂಬ ಮಹಿಳೆ ಒಂದು ನೆಲಮಾಳಿಗೆಯಲ್ಲಿ ಉಚಿತ ಚಿಕಿತ್ಸಾಲಯ ತೆರೆದದ್ದು ಬಡವರ ಪ್ರಾಣಿಗಳಿಗಾಗಿಯೇ. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ‘ಕ್ಯೂಪಾ’ ಎಂಬ ಪ್ರಾಣಿ ದಯಾ ಸಂಸ್ಥೆ 1991ರಿಂದ ಕೆಲಸ ಮಾಡುತ್ತಿದೆ. ಮಂಗಳೂರಿನ ಶಕ್ತಿನಗರದಲ್ಲಿ ಅನಿಮಲ್ ಕೇರ್ ಟ್ರಸ್ಟ್ ಇದೆ.

ತಪ್ಪು ಕಲ್ಪನೆ: ಚಿಕಿತ್ಸೆ ಉಚಿತ ಎಂದಮೇಲೆ ಖರ್ಚೇನು?

ಸತ್ಯ: ಪಾರ್ವೊ ವೈರಸ್ ತಗುಲಿದ ಒಂದು ನಾಯಿಮರಿಯನ್ನು ಉಳಿಸಲು ಏನೇನು ಬೇಕೆಂದು ನೋಡಿ. ಮರಿ ಮೊದಲು ಅನ್ನ ಬಿಡುತ್ತದೆ, ಆಮೇಲೆ ವಾಂತಿ, ಅದರ ಹಿಂದೆಯೇ ನಾರುವ ರಕ್ತಭೇದಿ. ಮೈಯ ನೀರೆಲ್ಲ ಹೋಗಿ ಕಣ್ಣು ಗುಳಿ ಬೀಳುತ್ತವೆ. ಬತ್ತಿಹೋದ ನರ ಸಿಗುವುದೇ ಕಷ್ಟ. ಮುಂಗಾಲಿನ ಕೂದಲು ಬೋಳಿಸಿ, ಬೆರಳಲ್ಲಿ ಒತ್ತಿ ಹುಡುಕಿ ಸೂಜಿ ಕೂಡಿಸಿ ಸಲೈನ್ ಏರಿಸಬೇಕು. ವೈರಸ್ಸಿಗೆ ನೇರ ಮದ್ದು ಸಾಮಾನ್ಯವಾಗಿ ಕೈಗೆ ಸಿಗುವುದಿಲ್ಲ. ವಾಂತಿ ನಿಲ್ಲಿಸುತ್ತ, ಬೇರೆ ಸೋಂಕು ತಡೆಯುತ್ತ, ಮರಿಯ ಮೈ ತಾನೇ ಗೆಲ್ಲುವವರೆಗೆ ನಾಲ್ಕೈದು ದಿನ ಹಗಲು ರಾತ್ರಿ ಯಾರಾದರೂ ಪಕ್ಕದಲ್ಲಿರಬೇಕು. ಉಳಿದ ಮರಿಗಳಿಂದ ದೂರ, ಬೇರೆಯೇ ಕೋಣೆ ಬೇಕು. ಈ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಮಾಮೂಲಿ ಫಿನಾಯಿಲ್‌ಗೆ ಜಗ್ಗುವುದಿಲ್ಲ. ನೆಲವನ್ನು ಬ್ಲೀಚಿಂಗ್ ದ್ರಾವಣದಿಂದಲೇ ತೊಳೆಯಬೇಕು. ಇಷ್ಟಾದರೂ ಎಲ್ಲ ಮರಿಗಳೂ ಉಳಿಯುವುದಿಲ್ಲ. ಮಾಲೀಕ ದುಡ್ಡು ಕೊಡದಿದ್ದರೆ ಆ ಸಲೈನಿಗೆ, ಆ ರಾತ್ರಿಪಾಳಿಯವರ ಸಂಬಳಕ್ಕೆ ದಾನಿಗಳೇ ಕೊಡಬೇಕು.

ಮರಿಗೆ ಆರರಿಂದ ಎಂಟು ವಾರವಾದಾಗ ಲಸಿಕೆ ಶುರು ಮಾಡಿ, ಡಾಕ್ಟರು ಹೇಳಿದಂತೆ ಬೂಸ್ಟರ್ ಹಾಕಿಸಿದ್ದರೆ ಈ ಪಾಡು ಬಹುಪಾಲು ತಪ್ಪುತ್ತದೆ. ಆದ್ದರಿಂದ ಲಸಿಕೆ ಶಿಬಿರಕ್ಕೆ ಕೊಟ್ಟ ರೂಪಾಯಿಯೇ ಹೆಚ್ಚು ಜೀವ ಉಳಿಸುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ತಪ್ಪು ಕಲ್ಪನೆ: ಮನುಷ್ಯರಿಗೇ ಇಲ್ಲದಾಗ ನಾಯಿಗೇಕೆ ದಾನ?

ಸತ್ಯ: ಮನುಷ್ಯರಿಗೆ ರೇಬೀಸ್ ಬರುವುದು ಹೆಚ್ಚೂಕಡಿಮೆ ಎಲ್ಲ ಸಲವೂ ನಾಯಿಯಿಂದಲೇ. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆನ್ನುವಷ್ಟು ಕಡಿಮೆ. ಒಂದು ಊರಿನ ನಾಯಿಗಳಲ್ಲಿ ಶೇ 70ರಷ್ಟಕ್ಕೆ ಲಸಿಕೆ ಹಾಕುತ್ತ ಬಂದರೆ ರೋಗದ ಸರಪಳಿ ಕಡಿಯುತ್ತದೆ. ಕರ್ನಾಟಕ ಸರ್ಕಾರ 2022ರಲ್ಲಿ ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿತು. ನಾಯಿಗೆ ಕೊಡಿಸಿದ ಲಸಿಕೆ ಓಣಿಯಲ್ಲಿ ಆಡುವ ಮಗುವನ್ನೂ ಕಾಯುತ್ತದೆ.

ಕಚ್ಚಿದ ಗಾಯಕ್ಕೆ ಸುಣ್ಣ, ಖಾರದ ಪುಡಿ ಹಚ್ಚುವ ರೂಢಿ ಇನ್ನೂ ಹೋಗಿಲ್ಲ. ದಯವಿಟ್ಟು ಹಚ್ಚಬೇಡಿ. ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ.

ತಪ್ಪು ಕಲ್ಪನೆ: ಹೆಣ್ಣು ನಾಯಿ ಒಂದು ಸಲವಾದರೂ ಈಯಬೇಕು.

ಸತ್ಯ: ಬೇಕಿಲ್ಲ. ಈಯದಿದ್ದರೆ ಅದರ ಆರೋಗ್ಯಕ್ಕೆ ಯಾವ ಕುಂದೂ ಇಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಗರ್ಭಕೋಶದಲ್ಲಿ ಕೀವು ತುಂಬುವ ಮಾರಕ ರೋಗವೂ ತಪ್ಪುತ್ತದೆ. ಮರಿಗಳನ್ನು ಚೀಲದಲ್ಲಿ ತುಂಬಿ ಊರ ಹೊರಗೆ ಬಿಟ್ಟು ಬರುವ ಪಾಪವೂ ಬೇಡವಾಗುತ್ತದೆ.

ತಪ್ಪು ಕಲ್ಪನೆ: ದಾನವೆಂದರೆ ದೊಡ್ಡ ಮೊತ್ತ, ಇಲ್ಲವೇ ಮನೆಯಲ್ಲಿ ಉಳಿದ ಮಾತ್ರೆ.

ಸತ್ಯ: ಮಾತ್ರೆ ಖಂಡಿತ ಬೇಡ. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಒಂದೇ ಒಂದು ಹೊಟ್ಟೆಗೆ ಹೋದರೂ ಬೆಕ್ಕು ಸಾಯಬಹುದು. ಹಳೆಯ ಹತ್ತಿ ಸೀರೆ, ಚಾದರ, ದಿನಪತ್ರಿಕೆಗಳು ಇಂಥ ಆಸ್ಪತ್ರೆಗಳಿಗೆ ಬೇಕಾಗುತ್ತವೆ. ಆರೋಗ್ಯವಂತ ದೊಡ್ಡ ನಾಯಿ ರಕ್ತವನ್ನೂ ಕೊಡಬಲ್ಲದು. ಉಣ್ಣೆ ಜ್ವರದಿಂದ ರಕ್ತ ಇಳಿದುಹೋದ ಇನ್ನೊಂದು ನಾಯಿ ಅದರಿಂದ ಉಳಿಯುತ್ತದೆ. ಹಣ ಕೊಡುವವರು ಸಂಸ್ಥೆಗೆ ತೆರಿಗೆ ವಿನಾಯಿತಿಗೆ ಬೇಕಾದ 80ಜಿ ನೋಂದಣಿ ಇದೆಯೇ ಎಂದು ಕೇಳಿ, ರಸೀದಿ ಪಡೆಯಿರಿ. ₹2,000 ಮೀರಿದ ನಗದು ದಾನಕ್ಕೆ ತೆರಿಗೆ ವಿನಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗಂತೂ ಈ ವಿನಾಯಿತಿಯೇ ಸಿಗದು.

ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಅಲ್ಲಿಯವರೆಗೂ ಕಾಯಬೇಡಿ. ಮೂರು ತಿಂಗಳು ದಾಟಿದ ನಿಮ್ಮ ನಾಯಿಯನ್ನು ರೇಬೀಸ್ ಲಸಿಕೆಗಾಗಿ ಈ ವಾರವೇ ತಾಲ್ಲೂಕಿನ ಪಶು ಆಸ್ಪತ್ರೆಗೆ ಒಯ್ಯಿರಿ. ಪಕ್ಕದ ಮನೆಯವರಿಗೆ ಕೂಲಿ ಬಿಟ್ಟು ಬರಲಾಗದಿದ್ದರೆ ಅವರ ನಾಯಿಯನ್ನೂ ಜೊತೆಗೆ ಕರೆದೊಯ್ಯಿರಿ, ಲಸಿಕೆಯ ದುಡ್ಡು ನೀವೇ ಕೊಡಿ.